ಮೂಲವ್ಯಾಧಿ ಎಂದು ಸುಮ್ಮನಾಗಬೇಡಿ

ಕೇಳುಗರಿಗೆ ನಮಸ್ಕಾರ. ಮಲದಲ್ಲಿ ರಕ್ತ ಕಂಡರೆ ನಮ್ಮ ಮೈಸೂರು, ಮಂಡ್ಯ ಕಡೆ ಮೊದಲು ಬರುವ ಮಾತು, ‘ಉಷ್ಣ ಆಗಿದೆ, ಮೂಲವ್ಯಾಧಿ ಇರಬೇಕು’ ಅಂತ. ಎಷ್ಟೋ ಸಲ ಅದು ನಿಜವೇ. ಆದರೆ ಮೂಲವ್ಯಾಧಿ ಇದ್ದವರಿಗೂ ದೊಡ್ಡ ಕರುಳಿನ ಕ್ಯಾನ್ಸರ್ ಬರಬಹುದು. ರಕ್ತ ನೋಡಿ ಯಾವುದೆಂದು ಮನೆಯಲ್ಲಿ ಹೇಳಲಾಗದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತೋರಿಸಿ. ವೈದ್ಯರು ಗುದದ್ವಾರವನ್ನು ಬೆರಳಿಟ್ಟು ಪರೀಕ್ಷಿಸುತ್ತೇನೆಂದರೆ ದಯವಿಟ್ಟು ನಾಚಿಕೊಂಡು ಬೇಡವೆನ್ನಬೇಡಿ.

ದೊಡ್ಡ ಕರುಳು ಸುಮಾರು 1.5 ಮೀಟರ್ ಉದ್ದ. ಬಲಭಾಗದಲ್ಲಿ ಗಡ್ಡೆಯಾದರೆ ರಕ್ತ ಮಲದಲ್ಲಿ ಬೆರೆತು ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ. ಸುಸ್ತು, ಏದುಸಿರು, ಹಿಮೋಗ್ಲೋಬಿನ್ ಇಳಿಕೆಯಷ್ಟೇ ಗೊತ್ತಾಗುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ಕಂಡರೆ ಬರೀ ಮಾತ್ರೆ ಸಾಲದು, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಎಡಭಾಗದಲ್ಲಾದರೆ ದಾರಿ ಕಿರಿದಾಗಿ ಮಲಬದ್ಧತೆ, ಭೇದಿ ಅದಲುಬದಲಾಗುತ್ತವೆ. ಹೋಗಿ ಬಂದರೂ ಪೂರ್ತಿಯಾಗಲಿಲ್ಲ ಅನ್ನಿಸುತ್ತದೆ.

ಬಹುಪಾಲು ಈ ಕ್ಯಾನ್ಸರ್ ಶುರುವಾಗುವುದು ಪಾಲಿಪ್ ಎಂಬ ಸಣ್ಣ ಗಂಟಿನಿಂದ. ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ 10 ವರ್ಷದಷ್ಟು ಬೇಕು. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆಯಲ್ಲಿ, ಅದನ್ನು ಕತ್ತರಿಸಿ ತೆಗೆದರೆ ಕ್ಯಾನ್ಸರ್ ಬರುವುದನ್ನೇ ತಡೆದಂತೆ. ಸರ್ಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಇದೆ, ಕರುಳಿಗೆ ಇಲ್ಲ. ಹಾಗಾಗಿ 45 ದಾಟಿದವರು ತಾವೇ ವೈದ್ಯರನ್ನು ಕೇಳಬೇಕು. ಮಲದಲ್ಲಿ ಅಡಗಿದ ರಕ್ತ ಹುಡುಕುವ ಫಿಟ್ ಪರೀಕ್ಷೆ ವರ್ಷಕ್ಕೊಮ್ಮೆ ಸಾಕು, ಪಥ್ಯ ಬೇಡ. ಪಾಸಿಟಿವ್ ಬಂದರೆ ಮತ್ತೊಮ್ಮೆ ಫಿಟ್ ಮಾಡಿಸುತ್ತಾ ಕೂರದೆ ಕೊಲೊನೋಸ್ಕೋಪಿಗೆ ಹೋಗಬೇಕು. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ ಕೊಲೊನೋಸ್ಕೋಪಿ. ಎರಡರಲ್ಲಿ ಯಾವುದು ಮುಂಚೆಯೋ ಅದು.

ಕೊಲೊನೋಸ್ಕೋಪಿ ಕೆಡುವುದು ಹೆಚ್ಚಾಗಿ ಸಿದ್ಧತೆಯಲ್ಲೇ. ಕರುಳಲ್ಲಿ ಮಲ ಉಳಿದರೆ ಪಾಲಿಪ್ ಮರೆಯಾಗುತ್ತದೆ, ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ. ಎರಡು ಮೂರು ದಿನ ಮುಂಚೆ ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು, ಸೀಬೆಹಣ್ಣು ಬಿಡಿ. ಬಿಳಿ ಅನ್ನ, ಇಡ್ಲಿ ಆಗಬಹುದು. ಹಿಂದಿನ ದಿನ ತಿಳಿಗಂಜಿ, ಎಳನೀರು, ಹಾಲಿಲ್ಲದ ಟೀ ಮಾತ್ರ. ಕೆಂಪು ಬಣ್ಣದ ಶರಬತ್ತು ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಭೇದಿಯ ಔಷಧವನ್ನು ಅರ್ಧ ಹಿಂದಿನ ಸಂಜೆ, ಉಳಿದರ್ಧ ಬೆಳಗ್ಗೆ, ವೈದ್ಯರು ಹೇಳಿದ ಹೊತ್ತಿಗೆ ಪೂರ್ತಿ ಕುಡಿಯಿರಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿರಬೇಕು. ಸಕ್ಕರೆ ಕಾಯಿಲೆ, ಕಬ್ಬಿಣಾಂಶ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವಾರ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮಂಪರು ಬರುವ ಇಂಜೆಕ್ಷನ್ ಕೊಡುವುದರಿಂದ ಜೊತೆಗೆ ಒಬ್ಬರಿರಲಿ, ಅಂದು ಗಾಡಿ ಓಡಿಸಬೇಡಿ. ಮನೆಗೆ ಬಂದ ಮೇಲೆ ಜೋರು ಹೊಟ್ಟೆನೋವು, ಜ್ವರ ಅಥವಾ ನಿಲ್ಲದ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ. ನಮಸ್ಕಾರ.