ಬರಹಗಾರರ ಬಾಯಲ್ಲೇ ಕೇಳಿದಾಗ

ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಓಡಾಟ ಏನೂ ಇಲ್ಲ. ನನ್ನ ಮೇಜು, ನೋಟ್‌ಬುಕ್, ಕಿಟಕಿ, ಅಷ್ಟೇ. ಹೇಳಬೇಕಾದ ವಿಷಯ ಮಾತ್ರ ನನಗೆ ತುಂಬಾ ಹತ್ತಿರದ್ದು. ಹೆಸರು ಮಾಡಿದ ಬರಹಗಾರರು ಮಾತಾಡುವುದನ್ನು ಕೇಳಿ ಬಂದ ದಿನ ನನಗೆ ಬರೆಯದೆ ಇರೋಕೆ ಆಗುವುದಿಲ್ಲ. ಯಾಕೆ ಅಂತ ತುಂಬಾ ದಿನದಿಂದ ಯೋಚಿಸುತ್ತಿದ್ದೆ. ಅವರು ಕೊಡುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: ದಿನಾ ಬರೆಯಿರಿ, ಜಾಸ್ತಿ ಓದಿ. ಒಳ್ಳೆಯ ಮಾತೇ. ಆದರೆ ಅದನ್ನು ಕೇಳಿ ಯಾರೂ ಎದ್ದು ಹೋಗಿ ಬರೆಯೋಕೆ ಕೂರುವುದಿಲ್ಲ, ಅಲ್ವಾ?

ನನ್ನನ್ನು ಎಬ್ಬಿಸಿದ ಒಂದು ಸಂಗತಿ ಹೇಳುತ್ತೇನೆ. ಹಿರಿಯ ಕತೆಗಾರ್ತಿಯೊಬ್ಬರು ವೇದಿಕೆಯ ಮೇಲೆ ತಮ್ಮದೇ ಕತೆ ಓದುತ್ತಿದ್ದರು. ಅದೇ ಪುಸ್ತಕ ನನ್ನ ತೊಡೆಯ ಮೇಲೂ ಇತ್ತು, ಅವರು ಓದಿದ ಹಾಗೆ ನಾನು ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಜಾಡು ತಪ್ಪಿತು. ಪುಸ್ತಕದಲ್ಲಿದ್ದ ಅರ್ಧ ಸಾಲು ಅವರ ಬಾಯಿಂದ ಬರಲೇ ಇಲ್ಲ. ಆಮೇಲೆ ಸಹಿ ಹಾಕಿಸಿಕೊಳ್ಳೋಕೆ ಹೋದರೆ ಅವರ ಪ್ರತಿ ಮೇಜಿನ ಮೇಲೆ ತೆರೆದೇ ಇತ್ತು, ಅಚ್ಚಾದ ಪುಟದ ತುಂಬಾ ಪೆನ್ಸಿಲ್ ಗುರುತು! ಆ ಅರ್ಧ ಸಾಲಿನ ಮೇಲೆ ಗೀಟು ಎಳೆದಿದ್ದರು. ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಸಣ್ಣ ಅಡ್ಡಗೆರೆ. ಒಂದು ಕಡೆ ‘ಎಂದು ಕೂಗಿದಳು’ ಅನ್ನುವುದನ್ನು ‘ಎಂದಳು’ ಅಂತ ಮಾಡಿದ್ದರು. ಪುಸ್ತಕ ಬಂದು, ಜನ ಮೆಚ್ಚಿ, ಎಷ್ಟೋ ವರ್ಷ ಕಳೆದ ಮೇಲೂ ಅವರು ಆ ಸಾಲುಗಳನ್ನು ಬಿಟ್ಟಿರಲಿಲ್ಲ.

ಇದು ಹೊಸದೇನೂ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ 1858ರಿಂದ ತಮ್ಮ ಸಂಪಾದನೆಗೆ ಅಂತಲೇ ಟಿಕೆಟ್ ಇಟ್ಟು ತಮ್ಮ ಕತೆಗಳನ್ನು ಜನರ ಮುಂದೆ ಓದಲು ಶುರು ಮಾಡಿದರು. ಆ ಓದಿಗೆ ಅಂತಲೇ ಇಟ್ಟುಕೊಂಡ ಪ್ರತಿಗಳಲ್ಲಿ ಎಷ್ಟೋ ಸಾಲುಗಳನ್ನು ಹೊಡೆದು ಹಾಕಿದ್ದಾರೆ, ದನಿ ಹೇಗಿರಬೇಕು ಅಂತ ಅಂಚಿನಲ್ಲಿ ಬರೆದುಕೊಂಡಿದ್ದಾರೆ. ಅಂಥ ಒಂದು ಪ್ರತಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಇವತ್ತಿಗೂ ಇದೆ. ಅಮೆರಿಕದ ಕಾದಂಬರಿಕಾರ ಹೆಮಿಂಗ್‌ವೇ ಅವರ 1958ರ ಸಂದರ್ಶನವೂ ಹಾಗೇ. ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಅನ್ನುತ್ತಾರೆ. ಅಂಥ ಕಷ್ಟ ಏನಿತ್ತು ಅಂತ ಕೇಳಿದರೆ, ಪದಗಳು ಸರಿಯಾಗಿ ಕೂರಬೇಕಿತ್ತು ಅನ್ನುವ ಅರ್ಥದ ಚಿಕ್ಕ ಉತ್ತರ, ಅಷ್ಟೇ. 2012ರಲ್ಲಿ ಆ ಕಾದಂಬರಿಯ ಹೊಸ ಮುದ್ರಣ ಬಂದಾಗ ನೋಡಿದರೆ ಕೊನೆಗಳು 47 ಇದ್ದವು! ನಾವು ಓದುವಾಗ ನಮಗೆ ಸಿಗುವುದು ಆ ಒಂದೇ ಕೊನೆ, ಅದು ಬೇರೆ ಥರ ಇರೋಕೆ ಸಾಧ್ಯವೇ ಇರಲಿಲ್ಲ ಅನ್ನಿಸುತ್ತದೆ. ಬರೆದವರು ಬಾಯಿ ಬಿಟ್ಟಾಗಲೇ ಉಳಿದವುಗಳ ಸುದ್ದಿ ಗೊತ್ತಾಗುವುದು. ಅದನ್ನು ಕೇಳಿದ ಮೇಲೆ ನನ್ನ ಐದನೇ ಕರಡನ್ನು ನೋಡಿದರೆ ಸಂಕಟ ಆಗುವುದಿಲ್ಲ, ಕೆಲಸ ಇನ್ನೂ ಇದೆ ಅನ್ನಿಸುತ್ತದೆ.

ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಹೇಳಿದ್ದು ಇನ್ನೊಂದು ಥರ. ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯ ಕೆಲಸ, ಮನೆಯಲ್ಲಿ ಚಿಕ್ಕ ಮಕ್ಕಳು. ಮಕ್ಕಳು ಎದ್ದು ‘ಅಮ್ಮಾ’ ಅನ್ನುವ ಮುಂಚೆ, ಬೆಳಗಿನ ಜಾವ ಬರೆಯುತ್ತಿದ್ದರಂತೆ. ಸಮಯ ಸಿಗುವುದಿಲ್ಲ ಅಂತ ಕೊರಗುವ ಎಲ್ಲರಿಗೂ ನಾನು ಹೇಳುವುದು ಅವರ ಸಂದರ್ಶನಗಳನ್ನು ಕೇಳಿ ಅಂತ.

ನಮ್ಮವರಲ್ಲಿ ಯು. ಆರ್. ಅನಂತಮೂರ್ತಿ ಅವರ ವಿಷಯ ನನಗೆ ತುಂಬಾ ಇಷ್ಟ. ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಅವರ ಒಂದು ಸಿನಿಮಾ ನೋಡಿದರು, ಜೊತೆಗಿದ್ದ ಮೇಷ್ಟ್ರು ಮಾಲ್ಕಮ್ ಬ್ರಾಡ್‌ಬರಿ ಸ್ವತಃ ಕಾದಂಬರಿಕಾರರು. ಸಿನಿಮಾ ಆದ ಮೇಲೆ ಅವರಿಬ್ಬರ ನಡುವೆ ನಡೆದ ಮಾತು ‘ಸಂಸ್ಕಾರ’ ಬರೆಯುವುದಕ್ಕೆ ಕಾರಣವಾಯಿತು ಅಂತ ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. 1965ರಲ್ಲಿ ಕಾದಂಬರಿ ಬಂತು. ಕತೆಯ ಸಾಮಗ್ರಿ ಅವರೊಳಗೆ ಮೊದಲೇ ಇತ್ತು, ಆದರೆ ಇನ್ನೊಬ್ಬ ಬರಹಗಾರರ ಜೊತೆ ಮಾತಾಡುವಾಗ ಅದು ಮೇಲೆ ಬಂತು. ಕೇಳುವುದರಿಂದ ಆಗುವ ನಿಜವಾದ ಲಾಭ ಇದೇ ಅಂತ ನನ್ನ ನಂಬಿಕೆ.

ಅದಕ್ಕೇ ಕಾರ್ಯಕ್ರಮಗಳಿಗೆ ಹೋಗುವವರಿಗೆ ಒಂದು ಮಾತು. ಕೊನೆಯಲ್ಲಿ ಮೈಕ್ ಕೈಗೆ ಬಂದಾಗ ‘ನಿಮ್ಮ ಸ್ಫೂರ್ತಿ ಯಾರು’ ಅಂತ ಕೇಳಬೇಡಿ. ಪಾಪ, ಅದಕ್ಕೆ ಅವರು ನೂರು ಕಡೆ ಉತ್ತರ ಕೊಟ್ಟಿರುತ್ತಾರೆ. ಒಂದು ಕತೆ ಹಿಡಿದು ಕೇಳಿ. ಇದರಲ್ಲಿ ನೀವು ತೆಗೆದು ಹಾಕಿದ ಪಾತ್ರ ಯಾವುದು? ಮೊದಲ ಸಾಲು ಮುಂಚೆ ಏನಿತ್ತು? ಎಲ್ಲಿ ನಿಂತುಹೋಗಿತ್ತು? ಆಗ ಅವರ ಮುಖ ನೋಡಿ. ಸ್ವಲ್ಪ ಸುಮ್ಮನಾಗುತ್ತಾರೆ, ನೆನಪು ಮಾಡಿಕೊಳ್ಳುತ್ತಾರೆ, ಆಮೇಲೆ ಬರುವ ಉತ್ತರ ಬೇರೆ ಎಲ್ಲೂ ಸಿಗುವುದಿಲ್ಲ.

ಇನ್ನೊಂದು, ಕೇಳಿ ಬಂದ ರಾತ್ರಿಯೇ ಬರೆಯಬೇಕು. ನಾಳೆಗೆ ಅಂದರೆ ಆ ಬಿಸಿ ಆರಿ ಹೋಗುತ್ತದೆ. ಸುಮ್ನೆ ಒಂದಾದ ಮೇಲೊಂದು ಸಂದರ್ಶನ ಕೇಳುತ್ತಾ ಕೂತರೆ ಬರೆದಷ್ಟೇ ತೃಪ್ತಿ ಸಿಕ್ಕಿಬಿಡುತ್ತದೆ, ಪುಟ ಮಾತ್ರ ಖಾಲಿ.

ಆ ಪೆನ್ಸಿಲ್ ಗುರುತು ನೋಡಿದಾಗಿನಿಂದ ನಾನು ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ. ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಆ ವಾಕ್ಯ ಒಡೆಯುತ್ತೇನೆ, ಎಲ್ಲಿ ಓದಲು ನಾಚಿಕೆಯಾಗುತ್ತದೋ ಅಲ್ಲಿ ನಾನು ಸುಮ್ನೆ ಅಲಂಕಾರ ಮಾಡಿರುತ್ತೇನೆ. ಈಗ ಪರದೆಯ ಮೇಲೆ ಕಾಣುತ್ತಿದೆಯಲ್ಲ, ಆ ಕತೆಯ ಕೊನೆ ಇನ್ನೂ ಕೂತಿಲ್ಲ. ಮುಂದಿನ ವಿಡಿಯೋದಲ್ಲಿ ಅದರ ಎರಡು ಕೊನೆಗಳನ್ನು ಓದುತ್ತೇನೆ, ಯಾವುದು ಉಳಿಯಬೇಕು ಅಂತ ನೀವು ಹೇಳಿ.