ಹತ್ತು ಲಕ್ಷದ ಊರಿಗೆ ಸಿಗದ ಬೇಸ್‌ಬಾಲ್ ತಂಡ

ಎಲ್ಲರಿಗೂ ನಮಸ್ಕಾರ.

1950ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇದ್ದವರು ಸುಮಾರು 95 ಸಾವಿರ ಜನ. 2020ರ ಜನಗಣತಿ ಹೊತ್ತಿಗೆ ಆ ಲೆಕ್ಕ 10 ಲಕ್ಷ 13 ಸಾವಿರಕ್ಕೆ ಬಂತು. ಹಣ್ಣಿನ ತೋಟಗಳಿದ್ದ ಕಣಿವೆಯಲ್ಲಿ ಚಿಪ್ ಕಂಪನಿಗಳು ಎದ್ದವು, ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಬಂದವು. ಆ ಲೆಕ್ಕದಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದು ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್‌ಗಳಲ್ಲಿ ಮನೆ ಮಾಡಿದ ಕನ್ನಡದವರು ಎಷ್ಟು ಜನ ಅಂತ ನಿಮಗೇ ಗೊತ್ತು.

ಇಷ್ಟು ಬೆಳೆದ ಊರು, ದುಡ್ಡಿಗೂ ಬರ ಇಲ್ಲ. ಆದರೂ ಇಲ್ಲಿ ಮೇಜರ್ ಲೀಗಿನ, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಿನ ತಂಡ ಇಲ್ಲ. ಬರುತ್ತೇನೆ ಅಂದ ತಂಡವೊಂದಿತ್ತು. ಅದಕ್ಕೆ ಬರಲು ಬಿಡಲಿಲ್ಲ. ಅದೇ ಪಕ್ಕದ ಓಕ್ಲೆಂಡ್ ಊರಿನ ಓಕ್ಲೆಂಡ್ ಅಥ್ಲೆಟಿಕ್ಸ್. ಎಲ್ಲರ ಬಾಯಲ್ಲಿ ಎ'ಸ್. ಆ ತಂಡ ಈಗ 2028ಕ್ಕೆ ಲಾಸ್ ವೇಗಸ್ ಸೇರುವ ತಯಾರಿಯಲ್ಲಿದೆ. ಊರು ಬೆಳೆದರೆ ತಂಡ ತಾನಾಗಿ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆ ನಂಬಿಕೆ ಎಲ್ಲಿವರೆಗೆ ನಿಜ ಅಂತ ಇವತ್ತು ನೋಡೋಣ.

ಅದು ಪೂರ್ತಿ ಸುಳ್ಳಲ್ಲ. 1903ರಿಂದ 1952ರವರೆಗೆ ಹದಿನಾರು ತಂಡಗಳಲ್ಲಿ ಒಂದೂ ಊರು ಬದಲಿಸಿರಲಿಲ್ಲ. ಪಶ್ಚಿಮಕ್ಕೆ ಹೋದರೆ ಸೇಂಟ್ ಲೂಯಿಸ್ ಕೊನೆ. 1953ರಲ್ಲಿ ಬಾಸ್ಟನ್‌ನ ಬ್ರೇವ್ಸ್ ತಂಡ ಮಿಲ್ವಾಕಿಗೆ ಹೋಯಿತು. ಹಿಂದಿನ ವರ್ಷ ಬಾಸ್ಟನ್‌ನಲ್ಲಿ ಇಡೀ ಸೀಸನ್ನಿಗೆ ಬಂದ ಪ್ರೇಕ್ಷಕರು 2 ಲಕ್ಷ 81 ಸಾವಿರ. ಮಿಲ್ವಾಕಿಯಲ್ಲಿ ಮೊದಲ ವರ್ಷವೇ 18 ಲಕ್ಷ 26 ಸಾವಿರ! ಉಳಿದ ಮಾಲೀಕರು ಸುಮ್ಮನಿರುತ್ತಾರೆಯೇ? 1958ಕ್ಕೆ ಬ್ರೂಕ್ಲಿನ್‌ನ ಡಾಡ್ಜರ್ಸ್ ಲಾಸ್ ಏಂಜಲಿಸ್‌ಗೆ ಬಂತು, ನ್ಯೂಯಾರ್ಕಿನ ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಡಾಡ್ಜರ್ಸ್‌ನ ಮೊದಲ ತವರು ಪಂದ್ಯಕ್ಕೆ 78 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿದೆ. ಆದರೆ ಅದೇ ಮಿಲ್ವಾಕಿಯನ್ನು ಬ್ರೇವ್ಸ್ ಹದಿಮೂರು ವರ್ಷಕ್ಕೆ ಬಿಟ್ಟು, 1966ರಲ್ಲಿ ಅಟ್ಲಾಂಟಾಕ್ಕೆ ಹೋಯಿತು. ಮಿಲ್ವಾಕಿ ಅಷ್ಟರಲ್ಲಿ ಖಾಲಿ ಆಗಿರಲಿಲ್ಲ. 1960ರಲ್ಲಿ 7 ಲಕ್ಷ 41 ಸಾವಿರ ಇದ್ದ ಊರು 1970ರಲ್ಲೂ 7 ಲಕ್ಷ 17 ಸಾವಿರ ಇತ್ತು. ಅಟ್ಲಾಂಟಾ ಇರುವ ಆಗ್ನೇಯ ರಾಜ್ಯಗಳಲ್ಲಿ ಆಗ ಬೇರೆ ತಂಡವೇ ಇರಲಿಲ್ಲ. ಅಷ್ಟೂ ಕಡೆಯ ಟೀವಿ ಮಾರುಕಟ್ಟೆ ಒಬ್ಬರಿಗೇ ಸಿಗುತ್ತಿತ್ತು. ಅಂದರೆ ಮಾಲೀಕರು ಎಣಿಸುವುದು ಸ್ಟೇಡಿಯಂ ಇರುವ ಊರಿನ ತಲೆಗಳನ್ನು ಮಾತ್ರ ಅಲ್ಲ. ಪಂದ್ಯವನ್ನು ಮನೆಯಲ್ಲಿ ಕೂತು ನೋಡುವವರನ್ನೂ ಎಣಿಸುತ್ತಾರೆ. ಆ ಪ್ರದೇಶದಲ್ಲಿ ಪಾಲು ಕೇಳುವವರು ಯಾರಿದ್ದಾರೆ ಅಂತಲೂ ನೋಡುತ್ತಾರೆ.

ಈ ಪಾಲಿನ ವಿಷಯವೇ ಸ್ಯಾನ್ ಹೋಸೆಗೆ ಮುಳುವಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೇಜರ್ ಲೀಗಿನಲ್ಲಿ ಒಂದೊಂದು ತಂಡಕ್ಕೂ ಅದರದ್ದೇ ಸೀಮೆ ಇರುತ್ತದೆ. ಇಂಥಿಂಥ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ನಿಮ್ಮದು, ಅಲ್ಲಿ ಬೇರೆಯವರು ಕಾಲಿಡಬಾರದು ಅಂತ. 1990ರ ಸುಮಾರಿಗೆ ಜೈಂಟ್ಸ್ ಮಾಲೀಕ ಬಾಬ್ ಲೂರಿ ಸ್ಯಾನ್ ಫ್ರಾನ್ಸಿಸ್ಕೋದ ಚಳಿಗಾಳಿಯ ಸ್ಟೇಡಿಯಂ ಬಿಟ್ಟು ದಕ್ಷಿಣಕ್ಕೆ ಬರಲು ನೋಡುತ್ತಿದ್ದರು. ಆಗ ಎ'ಸ್ ತಂಡದ ಮಾಲೀಕ ವಾಲ್ಟರ್ ಹಾಸ್, ಸ್ಯಾನ್ ಹೋಸೆ ಇರುವ ಸ್ಯಾಂಟಾ ಕ್ಲಾರಾ ಕೌಂಟಿ ಜೈಂಟ್ಸ್‌ಗೆ ಹೋಗಲಿ ಅಂತ ಒಪ್ಪಿದರು. ಒಂದು ಪೈಸೆ ಕೇಳಲಿಲ್ಲ. ಪಕ್ಕದ ತಂಡ ಉಳಿದುಕೊಳ್ಳಲಿ ಅನ್ನುವ ದೊಡ್ಡ ಮನಸ್ಸು.

ಆಮೇಲೆ 1990ರಲ್ಲಿ ಒಮ್ಮೆ, 1992ರಲ್ಲಿ ಮತ್ತೊಮ್ಮೆ ಇಲ್ಲಿನ ಮತದಾರರು ಸ್ಟೇಡಿಯಂಗೆ ತೆರಿಗೆ ದುಡ್ಡು ಕೊಡಲ್ಲ ಅಂದರು. ಜೈಂಟ್ಸ್ ಹೊಸ ಮಾಲೀಕರ ಕೈಗೆ ಹೋಯಿತು, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಉಳಿಯಿತು, 2000ದಲ್ಲಿ ಕೊಲ್ಲಿಯ ದಡದಲ್ಲಿ ಹೊಸ ಸ್ಟೇಡಿಯಂ ತೆರೆಯಿತು. ಆದರೆ ಸ್ಯಾಂಟಾ ಕ್ಲಾರಾ ಕೌಂಟಿ ವಾಪಸ್ ಬರಲಿಲ್ಲ. ಆ ಹೊತ್ತಿಗೆ ಇಲ್ಲಿ ಜನ, ಕಂಪನಿ, ಬಾಕ್ಸ್ ಸೀಟು ಖರೀದಿಸುವ ಶಕ್ತಿ ಎಲ್ಲ ಏರಿತ್ತು. ಬೆಳೆದ ಸೀಮೆಯನ್ನು ಯಾರು ಬಿಟ್ಟುಕೊಡುತ್ತಾರೆ?

ಎ'ಸ್ ಮೊದಲು ಫ್ರೀಮಾಂಟಿಗೆ ಬರಲು ನೋಡಿತು. 2006ರಲ್ಲಿ ಯೋಜನೆ ಪ್ರಕಟವಾಯಿತು, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆಯ ಮಧ್ಯದಲ್ಲೇ, ಡಿರಿಡಾನ್ ರೈಲು ನಿಲ್ದಾಣದ ಹತ್ತಿರ ಜಾಗ ನೋಡಿದರು. ತಂಡ ತಯಾರು, ಊರು ತಯಾರು. ಜೈಂಟ್ಸ್ ಒಪ್ಪಲಿಲ್ಲ, ಲೀಗ್ ವರ್ಷಗಟ್ಟಲೆ ಉತ್ತರ ಕೊಡಲಿಲ್ಲ. 2013ರಲ್ಲಿ ಸ್ಯಾನ್ ಹೋಸೆ ನಗರವೇ ಕೋರ್ಟಿಗೆ ಹೋಯಿತು. ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸುವುದಿಲ್ಲ ಅಂತ 1922ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇನ್ನೂ ಜೀವಂತವಾಗಿದೆ. ಅದರ ಆಧಾರದ ಮೇಲೆ ಕೆಳಗಿನ ಕೋರ್ಟುಗಳಲ್ಲಿ ಊರು ಸೋತಿತು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. 10 ಲಕ್ಷ ಜನರ ಊರಿಗೆ ಈ ಆಟದಲ್ಲಿ ಓಟು ಇಲ್ಲ. ಓಟು ಇರುವುದು 30 ಮಾಲೀಕರಿಗೆ ಮಾತ್ರ. ನನಗೆ ಇದು ಇವತ್ತಿಗೂ ಅನ್ಯಾಯ ಅಂತಲೇ ಅನ್ನಿಸುತ್ತದೆ.

ಈಗ ಓಕ್ಲೆಂಡ್ ಕಡೆ ಬನ್ನಿ. ಜನ ಬರುತ್ತಿರಲಿಲ್ಲ, ಅದಕ್ಕೇ ತಂಡ ಹೊರಟಿತು ಅನ್ನುತ್ತಾರೆ. 2014ರಲ್ಲಿ ಓಕ್ಲೆಂಡಿನ ಹಳೇ ಸ್ಟೇಡಿಯಂ ಕೊಲಿಸಿಯಂಗೆ 20 ಲಕ್ಷ ಪ್ರೇಕ್ಷಕರು ಬಂದಿದ್ದರು. ತಂಡ ಗೆಲ್ಲುತ್ತಿತ್ತು, ಜನ ಬಂದರು. ಆಮೇಲೆ ಒಳ್ಳೆ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕಳಿಸಿದರು. 2022ರ ಸೀಸನ್ನಿಗೆ ಮುಂಚೆ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಇಬ್ಬರೂ ಹೋದರು. ಹೀಗೆ ಮಾಡಿದರೆ ಯಾವ ಊರಿನ ಜನ ತಾನೇ ಟಿಕೆಟ್ ತಗೊಳ್ಳುತ್ತಾರೆ?

2023ರ ಜೂನ್ 13ರ ರಾತ್ರಿಯನ್ನು ನೋಡಿ. ತಂಡ ಸೋತು ಸೋತು ಸುಣ್ಣವಾಗಿದ್ದ ವರ್ಷ. ಅಂಥ ವರ್ಷದಲ್ಲಿ ಒಂದು ಮಂಗಳವಾರ, ಅಭಿಮಾನಿಗಳೇ ಒಬ್ಬರಿಗೊಬ್ಬರು ಹೇಳಿಕೊಂಡು 27 ಸಾವಿರಕ್ಕೂ ಜಾಸ್ತಿ ಜನ ಬಂದರು. ಹಸಿರು ಟೀಶರ್ಟ್ ಮೇಲೆ ಒಂದೇ ಮಾತು: ಮಾರಿಬಿಡಿ. ಮಾಲೀಕ ಜಾನ್ ಫಿಶರ್ ತಂಡವನ್ನು ಮಾರಲಿ, ಊರು ಬಿಡಿಸದಿರಲಿ ಅಂತ. ಅದೇ ವಾರ ನೆವಾಡಾ ಶಾಸಕರು ಲಾಸ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣಕ್ಕೆ ಒಪ್ಪಿಗೆ ಕೊಟ್ಟರು. ನವೆಂಬರಿನಲ್ಲಿ 30 ಮಾಲೀಕರೂ ಸ್ಥಳಾಂತರಕ್ಕೆ ಕೈ ಎತ್ತಿದರು. 2024ರ ಸೆಪ್ಟೆಂಬರ್ 26ಕ್ಕೆ ಕೊಲಿಸಿಯಂನಲ್ಲಿ ಕೊನೆಯ ಪಂದ್ಯ. ತಂಡ 3–2ರಿಂದ ಗೆದ್ದಿತು. ಸ್ಟೇಡಿಯಂ ತುಂಬಿತ್ತು.

ಸದ್ಯಕ್ಕೆ ತಂಡ ವೆಸ್ಟ್ ಸ್ಯಾಕ್ರಮೆಂಟೋದ ಸುಮಾರು 14 ಸಾವಿರ ಜನ ಹಿಡಿಸುವ ಚಿಕ್ಕ ಸ್ಟೇಡಿಯಂನಲ್ಲಿ ಆಡುತ್ತಿದೆ. ಹೆಸರಿನಲ್ಲಿ ಊರೇ ಇಲ್ಲ. ಬರೀ ಅಥ್ಲೆಟಿಕ್ಸ್.

ಲಾಸ್ ವೇಗಸ್ ಬೆಳೆದಿದ್ದು ನಿಜ. ಅದರ ಕ್ಲಾರ್ಕ್ ಕೌಂಟಿಯಲ್ಲಿ 1950ರಲ್ಲಿ ಇದ್ದವರು 48 ಸಾವಿರ, 2020ರಲ್ಲಿ 22 ಲಕ್ಷ 65 ಸಾವಿರ. ಅಲ್ಲಿ ಐಸ್ ಹಾಕಿ ತಂಡ ಗೆದ್ದಿದೆ, ಅಮೆರಿಕನ್ ಫುಟ್‌ಬಾಲ್ ತಂಡ ಬೇರೂರಿದೆ. ಆದರೆ ಫುಟ್‌ಬಾಲಿಗೆ ತವರಲ್ಲಿ ವರ್ಷಕ್ಕೆ ಎಂಟೋ ಒಂಬತ್ತೋ ಪಂದ್ಯ, ಹಾಕಿಗೆ ನಲವತ್ತರ ಆಸುಪಾಸು. ಬೇಸ್‌ಬಾಲಿಗೆ 81. ಹೊಸ ಸ್ಟೇಡಿಯಂನಲ್ಲಿ 33 ಸಾವಿರ ಸೀಟು ಅಂತಾರೆ. ಗುಣಿಸಿ ನೋಡಿ, ವರ್ಷಕ್ಕೆ 26 ಲಕ್ಷಕ್ಕೂ ಜಾಸ್ತಿ ಸೀಟು. ಕೌಂಟಿಯ ಒಟ್ಟು ಜನಕ್ಕಿಂತ ಜಾಸ್ತಿ! ಪ್ರವಾಸಿಗರು ವರ್ಷಕ್ಕೆ ಸುಮಾರು 4 ಕೋಟಿ ಬರುತ್ತಾರೆ, ಒಪ್ಪೋಣ. ಆದರೆ ಮಂಗಳವಾರ, ಬುಧವಾರದ ಪಂದ್ಯಕ್ಕೆ ಸೀಟು ತುಂಬಬೇಕಾದವರು ಊರಿನವರೇ. ಆ ಊರಿನಲ್ಲಿ ಸಂಜೆ ಏಳು ಗಂಟೆಗೆ ಹೋಟೆಲ್ ಅಡುಗೆಯವರು, ಕ್ಯಾಸಿನೋ ಡೀಲರ್‌ಗಳು ಶಿಫ್ಟಿನಲ್ಲಿರುತ್ತಾರೆ. ಟೀವಿ ಲೆಕ್ಕವೂ ಹಾಗೇ. ಸ್ಯಾನ್ ಫ್ರಾನ್ಸಿಸ್ಕೋ, ಓಕ್ಲೆಂಡ್, ಸ್ಯಾನ್ ಹೋಸೆ ಸೇರಿದ ಬೇ ಏರಿಯಾ ದೇಶದ ಮೊದಲ ಹತ್ತು ಮಾರುಕಟ್ಟೆಗಳಲ್ಲಿ ಒಂದು. ಲಾಸ್ ವೇಗಸ್ ನಲವತ್ತರ ಆಸುಪಾಸಿನಲ್ಲಿದೆ. ಬರೀ ಜನಸಂಖ್ಯೆ ನೋಡಿದ್ದರೆ ತಂಡ ಇಲ್ಲಿಂದ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಹೋಗಿದ್ದು ಜಾಗ, ದುಡ್ಡು ಮತ್ತು ಪಾಲುದಾರರಿಲ್ಲದ ಸೀಮೆ ಸಿಕ್ಕಿದ್ದಕ್ಕೆ.

ನೆವಾಡಾದ ಶಿಕ್ಷಕರ ಸಂಘದವರು ಸ್ಟೇಡಿಯಂಗೆ ಸಾರ್ವಜನಿಕ ಹಣ ಕೊಡುವುದನ್ನು ವಿರೋಧಿಸಿದರು. ಊರು ಬೆಳೆದಾಗ ಮೊದಲು ತುಂಬುವುದು ಶಾಲೆ. ಕ್ಲಾರ್ಕ್ ಕೌಂಟಿಯ ಶಾಲೆಗಳಲ್ಲಿ ಸುಮಾರು 3 ಲಕ್ಷ ಮಕ್ಕಳು ಓದುತ್ತಾರೆ. ಸ್ಟೇಡಿಯಂ ಹಣದ ಬಗ್ಗೆ ಜನಮತ ಕೇಳಿ ಅಂತ ಸಂಘದವರು ಅರ್ಜಿ ತಂದರು. ಅರ್ಜಿ ಬರೆದ ರೀತಿ ಸರಿಯಿಲ್ಲ ಅಂತ 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ನಾನು ಆ ಶಿಕ್ಷಕರ ಪರ. ಬೇಸ್‌ಬಾಲ್ ಪ್ರೀತಿಸುವವರೂ ಇದನ್ನು ಹೇಳಬಹುದು, ಅಲ್ವಾ?

ಮುಂದೆ ಲೀಗ್ ಇನ್ನೂ ಎರಡು ತಂಡ ಸೇರಿಸುವ ಮಾತಿದೆ. ಸಾಲ್ಟ್ ಲೇಕ್ ಸಿಟಿ, ನ್ಯಾಶ್‌ವಿಲ್, ರಾಲಿ, ಪೋರ್ಟ್‌ಲೆಂಡ್ ಹೆಸರುಗಳು ಓಡಾಡುತ್ತಿವೆ. ಈ ಊರುಗಳಲ್ಲೂ ನಮ್ಮ ನೆಂಟರು, ಸ್ನೇಹಿತರು ಇದ್ದಾರೆ. ನಮ್ಮೂರು ಬೆಳೆಯುತ್ತಿದೆ, ತಂಡ ಬೇಕು ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಅವರು ಮೂರು ವಿಷಯ ಕೇಳಲಿ. ಸ್ಟೇಡಿಯಂ ಖರ್ಚಿನಲ್ಲಿ ಮಾಲೀಕರದ್ದೆಷ್ಟು, ನಮ್ಮದೆಷ್ಟು? ಎಷ್ಟು ವರ್ಷ ಊರು ಬಿಡುವಂತಿಲ್ಲ ಅಂತ ಬರೆದುಕೊಡುತ್ತಾರೆ? ಮಧ್ಯದಲ್ಲೇ ಬಿಟ್ಟು ಹೋದರೆ ಊರಿಗೆ ಏನು ವಾಪಸ್ ಬರುತ್ತದೆ? ಉತ್ತರ ಕರಾರಿನಲ್ಲಿ ಇರಬೇಕು, ಭಾಷಣದಲ್ಲಿ ಅಲ್ಲ. ಪ್ರಶ್ನೆಗಳಿದ್ದರೆ ಈಗ ಕೇಳಿ.