ಆರು ಜನ ಕುಣಿದ್ರು, ಒಂದು ಕಲ್ಲು ಎದ್ದಿತು

'ಮಕ್ಕಳ ಕಾರ್ಟೂನ್ ತಾನೇ, ನಟರನ್ನಿಟ್ಟು ಸಿನಿಮಾ, ಸರಣಿ ಮಾಡಿ ಕೆಡಿಸಿದ್ರೆ ಅದಕ್ಯಾಕೆ ಇಷ್ಟು ಸಿಟ್ಟು?' ಅಂತ ಕೇಳೋರಿಗೆ ಒಂದು ದೃಶ್ಯ ಹೇಳ್ತೀನಿ, ಕೇಳಿ.

'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್', 2005ರಲ್ಲಿ ಶುರುವಾದ ನಿಕೆಲೋಡಿಯನ್ ಕಾರ್ಟೂನ್. ಅದರಲ್ಲಿ ಕಲ್ಲು-ಮಣ್ಣನ್ನ ಹೇಳಿದಂಗೆ ಆಡಿಸೋ ಅರ್ಥ್‌ಬೆಂಡರ್‌ಗಳಿದಾರೆ. ಬೆಂಕಿ ಆಡಿಸೋ, ಯುದ್ಧಕ್ಕಿಳಿದ ಫೈರ್ ನೇಷನ್ ದೇಶದವರು ಇವರನ್ನ ಸೆರೆಹಿಡಿದು ಎಲ್ಲಿಡ್ತಾರೆ ಗೊತ್ತಾ? ನಡು ಸಮುದ್ರದಲ್ಲಿ, ಬರೀ ಲೋಹದ ಜೈಲಲ್ಲಿ. ಒಂದು ಹಿಡಿ ಮಣ್ಣೂ ಸಿಗಬಾರದು, ಅದು ಲೆಕ್ಕಾಚಾರ. ನೀರನ್ನ ಆಡಿಸೋ ಹುಡುಗಿ ಕಟಾರ ಮತ್ತವಳ ಜೊತೆಗಾರರು ಜೈಲಿನ ಒಲೆಗಿಟ್ಟಿದ್ದ ಕಲ್ಲಿದ್ದಲನ್ನೇ ಮೇಲಕ್ಕೆ ತರ್ತಾರೆ. ಅದೂ ಭೂಮಿಯದೇ ಅಲ್ವಾ! ಆದ್ರೂ ಯಾರೂ ಕೈ ಎತ್ತಲ್ಲ. ಅಷ್ಟು ಸೋತು ಹೋಗಿದಾರೆ. ವಾರ್ಡನ್ ಹಂಗಿಸಿ ಬೆನ್ನು ತಿರುಗಿಸ್ತಾನೆ, ಹಿಂದಿನಿಂದ ಒಂದು ಚೂರು ಇದ್ದಲು ಬಂದು ಅವನ ತಲೆಗೆ ಟಪ್ ಅಂತ ಬಡಿಯತ್ತೆ. ಎಸೆದವನು ಹಾರು ಅನ್ನೋ ಅರ್ಥ್‌ಬೆಂಡರ್ ಹುಡುಗ. ದೊಡ್ಡವರು ಆಮೇಲೆ ಏಳ್ತಾರೆ.

ಈಗ ಇದೇ ಕಾರ್ಟೂನಿಂದ ಮಾಡಿದ 2010ರ ಸಿನಿಮಾಗೆ ಬನ್ನಿ. ಬಜೆಟ್ ಸುಮಾರು 15 ಕೋಟಿ ಡಾಲರ್. ಅದೇ ಕೈದಿಗಳನ್ನ ಇಟ್ಟಿರೋದು ಸುತ್ತ ಕಲ್ಲು-ಮಣ್ಣೇ ಇರೋ ಬಯಲಲ್ಲಿ! ಕಥೆಯ ನಾಯಕ, ಹುಡುಗ ಆಂಗ್ ಬಂದು 'ನಿಮ್ಮ ಕಾಲ ಕೆಳಗೇ ಭೂಮಿ ಇದೆಯಲ್ಲ' ಅಂತ ನೆನಪಿಸಬೇಕು. ಆಮೇಲೆ ಆರು ಜನ ಸಾಲಾಗಿ ಕಾಲು ಬಡಿದು ಕುಣೀತಾರೆ, ಒಂದೇ ಒಂದು ಕಲ್ಲು ತೇಲಿಕೊಂಡು ಹೋಗತ್ತೆ, ತಿಂಡಿ ಮುಗಿಸಿ ವಾಕಿಂಗ್ ಹೊರಟಂಗೆ.

ಕಥೆ ಬದಲಾಯಿಸಬೇಡಿ ಅಂತ ಯಾರೂ ಹೇಳ್ತಿಲ್ಲ. 20 ಎಪಿಸೋಡನ್ನ ಎರಡು ಗಂಟೆಯೊಳಗೆ ತುರುಕುವಾಗ ಕತ್ತರಿ ಬೀಳಲೇಬೇಕು. ಆದ್ರೆ ಆ ಜೈಲು ಸಮುದ್ರದಲ್ಲಿ ಯಾಕಿತ್ತು ಅಂತ ಯೋಚಿಸದೆ ದಡಕ್ಕೆ ತಂದಿಟ್ರಲ್ಲ, ನನ್ನ ತಕರಾರು ಅದು. ನೂರು ವರ್ಷ ಹಿಮದಲ್ಲಿ ಮಲಗಿ ಎದ್ದ ಆಂಗ್, ಕಾರ್ಟೂನಲ್ಲಿ ಮೊದಲು ಕೇಳೋದೇ 'ಪೆಂಗ್ವಿನ್ ಮೇಲೆ ಕೂತು ಜಾರೋಣ ಬರ್ತೀಯಾ' ಅಂತ. ಸಿನಿಮಾದ ಆಂಗ್‌ಗೆ ನಗೋಕೇ ಪುರಸೊತ್ತಿಲ್ಲ.

ಇನ್ನು ಪಾತ್ರಧಾರಿಗಳು. ಕಾರ್ಟೂನಲ್ಲಿ ಕಂದು ಮೈಬಣ್ಣದ ಕಟಾರ, ಅವಳಣ್ಣ ಸೊಕ್ಕ ಸಿನಿಮಾದಲ್ಲಿ ಬಿಳಿಯರಾದ್ರು. ಊರು ಸುಡೋ ಫೈರ್ ನೇಷನ್‌ನ ರಾಜಕುಮಾರನಾಗಿ ಭಾರತೀಯ ಮೂಲದ ದೇವ್ ಪಟೇಲ್! ನಿರ್ದೇಶಕ ಶ್ಯಾಮಲನ್ ಹುಟ್ಟಿದ್ದು ನಮ್ಮ ಪುದುಚೇರಿಯ ಮಾಹೆಯಲ್ಲಿ, ಅದು ಬೇರೆ.

ಇದೇ ಕಥೆಯನ್ನ ನಟರನ್ನಿಟ್ಟು ಮತ್ತೆ ಮಾಡಿದ ನೆಟ್‌ಫ್ಲಿಕ್ಸ್ ಸರಣಿಯ ಕೆಲಸದಿಂದ ಕಾರ್ಟೂನಿನ ಇಬ್ಬರು ಸೃಷ್ಟಿಕರ್ತರೂ 2020ರಲ್ಲೇ ಹೊರನಡೆದ್ರು. 2024ರಲ್ಲಿ ಅದು ಬಂತು. ಪಾತ್ರಧಾರಿಗಳ ಆಯ್ಕೆ ಸರಿಯಾಗಿದೆ, ಒಪ್ಕೋತೀನಿ. ಆದ್ರೆ ಸೊಕ್ಕನ 'ಹುಡುಗೀರಿಗೇನು ಗೊತ್ತು' ಅನ್ನೋ ಧಿಮಾಕನ್ನ ತೆಳು ಮಾಡಿಬಿಟ್ರು. ಧಿಮಾಕೇ ಇಲ್ಲದೋನನ್ನ ಹೋರಾಟಗಾರ್ತಿ ಸುಕಿ ಕೆಡವಿ ಏನು ಪ್ರಯೋಜನ?